ಗಾಳ ಕಟ್ಟುವ ಮೇಜು

ಮಣಿಪಾಲದಲ್ಲಿ ಮೇ ತಿಂಗಳೆಂದರೆ ಮೇಜುಗಳ ತಿಂಗಳು. ಪರೀಕ್ಷೆ ಮುಗಿದು ಕೊನೆಯ ವರ್ಷದ ಹುಡುಗ ಹುಡುಗಿಯರು ದಿಲ್ಲಿಗೋ ಕೊಚ್ಚಿಗೋ ದುಬೈಗೋ ಹೊರಡುವಾಗ, ಹೊತ್ತುಕೊಂಡು ಹೋಗಲಾಗದ ಸಾಮಾನೆಲ್ಲ ಈಶ್ವರ ನಗರ, ವಿದ್ಯಾರತ್ನ ನಗರದ ಅಪಾರ್ಟ್‌ಮೆಂಟುಗಳ ಗೇಟಿನ ಬಳಿ ಬಂದು ನಿಲ್ಲುತ್ತದೆ. ಓದುವ ಮೇಜು, ಒಂದು ಕಾಲು ಅಲ್ಲಾಡುವ ಕುರ್ಚಿ, ಕುತ್ತಿಗೆ ಬಿದ್ದ ಟೇಬಲ್ ಲ್ಯಾಂಪು, ಬಕೆಟ್, ಅರ್ಧ ಖಾಲಿಯಾದ ಉಪ್ಪಿನಕಾಯಿ ಬಾಟಲಿ. ಗುಜರಿಯವರ ಟೆಂಪೋ ಬರುವುದಕ್ಕಿಂತ ಅರ್ಧ ಗಂಟೆ ಮೊದಲು ಹೋದರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಪಿಎಚ್‌ಡಿ ಮಾಡುವವರು ಸಾಮಾನ್ಯವಾಗಿ ಆ ಅರ್ಧ ಗಂಟೆ ಮೊದಲು ಹೋಗುವ ಜಾತಿಯವರು. ಕಳೆದ ವರ್ಷ ನನಗೆ ಅಲ್ಲಿ ಸಿಕ್ಕಿದ್ದು ಎರಡು ಖಾನೆಯ ಒಂದು ಮೇಜು, ಒಂದು ಲ್ಯಾಂಪು, ಮೋಟಾರು ಸುಟ್ಟುಹೋದ ಒಂದು ಡ್ರಿಲ್ ಮೆಷಿನ್. ಮೂರನ್ನೂ ಗೆಳೆಯನ ಓಮ್ನಿಯಲ್ಲಿ ಹಾಕಿಕೊಂಡು ಪರ್ಕಳದ ನಮ್ಮ ಮನೆಗೆ ತಂದೆ. ಅಮ್ಮ ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟು ಓದ್ಲಿಕ್ಕೆ ಉಂಟು ನಿಂಗೆ?" ಎಂದಳು. ಓದಲಿಕ್ಕಲ್ಲ, ಗಾಳ ಕಟ್ಟಲಿಕ್ಕೆ ಎಂದೆ. ಅವಳು ಏನೂ ಹೇಳದೆ ಒಳಗೆ ಹೋದಳು.

ನನ್ನ ಸಂಶೋಧನೆಯ ವಿಷಯ ತುಕ್ಕು. ಯಾವ ರಾಸಾಯನಿಕವನ್ನು ಎಷ್ಟು ಬೆರೆಸಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಷ್ಟು ತಡವಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನಮ್ಮ ಪ್ರಯೋಗಾಲಯದಲ್ಲಿ ಸಮುದ್ರವೆಂದರೆ ಬೀಕರಿನಲ್ಲಿರುವ ಶೇಕಡಾ 3.5ರ ಉಪ್ಪುನೀರು. ಹನ್ನೆರಡು ಕಿಲೋಮೀಟರ್ ಆಚೆಗೆ ಮಲ್ಪೆಯಲ್ಲಿ ನಿಜವಾದ ಸಮುದ್ರ ಇರುವಾಗ, ಎ.ಸಿ. ಕೋಣೆಯಲ್ಲಿ ತಕ್ಕಡಿಯಲ್ಲಿ ಉಪ್ಪು ತೂಗಿ ಸಮುದ್ರ ಮಾಡುತ್ತ ನಾಲ್ಕು ವರ್ಷ ಕಳೆದ ಮೇಲೆ ಯಾರಿಗಾದರೂ ಗಾಳ ಹಿಡಿದು ಹೊರಗೆ ಹೋಗಬೇಕೆನಿಸುತ್ತದೆ. ಭಾನುವಾರ ಬೆಳಿಗ್ಗೆ ನಾವು ಮೂರ್ನಾಲ್ಕು ಜನ ಹೊರಡುತ್ತೇವೆ. ಕೆಲವೊಮ್ಮೆ ಕಾಪುವಿಗೆ, 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದ ಬಂಡೆಗಳಿಗೆ. ಹೆಚ್ಚಾಗಿ ಕೋಡಿಬೆಂಗ್ರೆಗೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಎಲ್ಲರೂ ಫೋಟೋ ತೆಗೆಯುವ ಆ ಸ್ವರ್ಣಾ ನದಿ ಅಲ್ಲಿ ಸೀತಾ ನದಿಯೊಂದಿಗೆ ಸೇರಿ ಕಡಲಿಗೆ ಇಳಿಯುತ್ತದೆ. ನನ್ನ ಅಮ್ಮನ ತವರು ಅದೇ. ಸೋದರಮಾವ ಇನ್ನೂ ಅಲ್ಲಿ ನಾಡದೋಣಿ ಇಟ್ಟುಕೊಂಡಿದ್ದಾರೆ.

ಜಿಗ್ ಎಂದರೇನೆಂದು ಹೇಳಿಬಿಡುತ್ತೇನೆ. ಸಿಗಡಿಯನ್ನೋ ಎರೆಹುಳವನ್ನೋ ಚುಚ್ಚುವ ಗಾಳವಲ್ಲ ಅದು. ಕೊಕ್ಕೆಯ ತಲೆಯ ಹತ್ತಿರ ಸ್ವಲ್ಪ ಸೀಸ, ಅದರ ಹಿಂದೆ ಕೂದಲು ಅಥವಾ ಗರಿಯ ಒಂದು ಕುಚ್ಚು, ಒಂದೆರಡು ಹೊಳೆಯುವ ಎಳೆ. ಇಷ್ಟನ್ನೂ ನೂಲಿನಿಂದ ಬಿಗಿದು ಕಟ್ಟಿರುತ್ತಾರೆ. ನೀರಿಗೆ ಎಸೆದು ರಾಡಿನ ತುದಿಯನ್ನು ಎತ್ತಿ ಬಿಟ್ಟರೆ ಅದು ಮೇಲೆ ಜಿಗಿದು ಕೆಳಗೆ ಬೀಳುತ್ತದೆ. ಕುಚ್ಚು ಬಿಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ಬಂಡೆಯ ಸಂದಿಯಲ್ಲಿ ಕುಳಿತ ಮುರುವಿಗೋ ಕೆಂಬೇರಿಗೋ ಅದು ಗಾಯಗೊಂಡ ಸಣ್ಣ ಮೀನಿನ ಹಾಗೆ ಕಾಣುತ್ತದೆ. ಮಲ್ಪೆಯಲ್ಲಿ ಬೊಂಡಾಸ್ ಹಿಡಿಯಲಿಕ್ಕೆ ಬಳಸುವ ಜಿಗ್ ಬೇರೆ, ಅದರಲ್ಲಿ ಸೂಜಿಗಳ ಕಿರೀಟ ಇರುತ್ತದೆ, ಕಟ್ಟುವ ಕೆಲಸ ಇರುವುದಿಲ್ಲ. ನಾನು ಹೇಳುತ್ತಿರುವುದು ಕಟ್ಟುವ ಜಿಗ್. ಒಳ್ಳೆಯದು ಬೇಕೆಂದರೆ ಒಂದಕ್ಕೆ ನೂರೈವತ್ತು, ಇನ್ನೂರು ರೂಪಾಯಿ. ಬಂಡೆಗೆ ಸಿಕ್ಕಿ ಒಂದು ಬೆಳಗಿನಲ್ಲಿ ನಾಲ್ಕು ಹೋಗುತ್ತವೆ. ಸ್ಟೈಪೆಂಡ್ ಮೇಲೆ ಬದುಕುವವನು ಇದನ್ನು ಕೊಂಡು ತರಲು ಸಾಧ್ಯವಿಲ್ಲ.

ಹೀಗೆ ಮೇಜು ಮನೆಗೆ ಬಂತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ನಮ್ಮಂಥ ದಡದ ಮೇಲಿನವರಿಗೆ ಕಾನೂನಿನ ನಿಷೇಧವಿಲ್ಲ, ಮಳೆಯ ನಿಷೇಧವಿದೆ. ಆ ಎರಡು ತಿಂಗಳು ಮೇಜಿಗೆ ಮೀಸಲಿಟ್ಟೆ.

ಮೊದಲು ಬೇಕಾದದ್ದು ಕೊಕ್ಕೆಯನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸ್. ಡ್ರಿಲ್ ಮೆಷಿನ್ನಿನ ಮೋಟಾರು ಸತ್ತಿದ್ದರೂ ಚಕ್ ಜೀವಂತವಾಗಿತ್ತು. ಅದನ್ನು ಬಿಚ್ಚಿದೆ. ಆದರೆ ಚಕ್ಕಿಗೆ ಮೂರು ಹಲ್ಲು. ಉರುಟಾದ ಬಿಟ್ಟನ್ನು ಹಿಡಿಯಲು ಮಾಡಿದ್ದು. ಚಪ್ಪಟೆ ಬಾಗಿದ ಕೊಕ್ಕೆ ಅದರಲ್ಲಿ ಜಾರುತ್ತದೆ. ಅದಕ್ಕೊಂದು ಉಪಾಯ: ಆರು ಮಿಲಿಮೀಟರಿನ ಒಂದು ಬೋಲ್ಟನ್ನು ತೆಗೆದುಕೊಂಡು, ತುದಿಯಿಂದ ನಡುವಿನವರೆಗೆ ಹ್ಯಾಕ್ಸಾದಿಂದ ಸೀಳಿ, ಅರದಿಂದ ಉಜ್ಜಿ ಚೂಪು ಮಾಡಬೇಕು. ಸೀಳಿನ ನಡುವೆ ಕೊಕ್ಕೆಯ ಬಾಗು ಇಟ್ಟು, ಬೋಲ್ಟನ್ನು ಚಕ್ಕಿನೊಳಗೆ ತೂರಿಸಿ ಬಿಗಿದರೆ ಮೂರು ಹಲ್ಲೂ ಸೇರಿ ಸೀಳನ್ನು ಮುಚ್ಚುತ್ತವೆ. ಆಮೇಲೆ ಕೊಕ್ಕೆ ಅಲುಗುವುದಿಲ್ಲ. ಚಕ್ಕಿನ ಹಿಂಬದಿಗೆ ಹಳೆಯ ಸೈಕಲ್ಲಿನ ಪೆಡಲಿನ ದಂಡ ಸೇರಿಸಿದ್ದರಿಂದ ಇಡೀ ವೈಸ್ ಗಿರಗಿರನೆ ತಿರುಗುತ್ತದೆ. ಇದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ಜಂಬ ಬರುತ್ತದೆ.

ನೂಲಿನ ಉಂಡೆಯನ್ನು ಬಿಗಿಯಾಗಿ ಹಿಡಿದುಕೊಂಡು ಎಳೆದಷ್ಟೇ ನೂಲು ಬಿಡುವ ಒಂದು ಹಿಡಿಕೆ ಬೇಕು. ಅದನ್ನು ಮುರಿದ ಕೊಡೆಯ ಕಡ್ಡಿ ಬಾಗಿಸಿ ಮಾಡಿದೆ. ಮಳೆಗಾಲದಲ್ಲಿ ಉಡುಪಿಯಲ್ಲಿ ಮುರಿದ ಕೊಡೆಗೆ ಬರಗಾಲವಿಲ್ಲ. ಕಡ್ಡಿಯ ಎರಡು ತೋಳುಗಳು ಉಂಡೆಯನ್ನು ಒತ್ತಿಕೊಳ್ಳುತ್ತವೆ, ನೂಲು ಬಾಲ್ ಪೆನ್ನಿನ ಖಾಲಿ ರೀಫಿಲ್ಲಿನ ತುಂಡೊಂದರ ಮೂಲಕ ಹೊರಗೆ ಬರುತ್ತದೆ. ಲೋಹದ ನಳಿಕೆಯಾದರೆ ಅಂಚು ನೂಲನ್ನು ಕತ್ತರಿಸುತ್ತದೆ, ಪ್ಲಾಸ್ಟಿಕ್ ಕತ್ತರಿಸುವುದಿಲ್ಲ. ಟೈಲರ್ ಅಂಗಡಿಯಲ್ಲಿ ತಳದಲ್ಲಿ ಒಂದಿಷ್ಟು ನೂಲು ಉಳಿದ ಪಾಲಿಯೆಸ್ಟರ್ ಉಂಡೆಗಳನ್ನು ಸುಮ್ಮನೆ ಕೊಟ್ಟರು.

ಮೇಜಿನ ಹಲಗೆ ಮಾತ್ರ ಕೈಕೊಟ್ಟಿತು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಎ.ಸಿ. ರೂಮಿನಲ್ಲಿ ನಾಲ್ಕು ವರ್ಷ ಸುಖವಾಗಿದ್ದು, ಹೆಂಚಿನ ಮನೆಯ ಆಟಿ ತಿಂಗಳ ತೇವಕ್ಕೆ ಹದಿನೈದು ದಿನದಲ್ಲಿ ಹಪ್ಪಳದ ಹಿಟ್ಟಿನ ಹಾಗೆ ಉಬ್ಬಿತು. ಬದಲಿ ಹಲಗೆ ಹೆದ್ದಾರಿಯಿಂದ ಬಂತು. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿಯ ಅಗಲೀಕರಣದಲ್ಲಿ ನಮ್ಮ ಕಡೆ ರಸ್ತೆಬದಿಯ ಹಳೆಯ ಕಟ್ಟಡಗಳು ಬಿದ್ದಿವೆ. ಹಾಗೆ ಬಿದ್ದ ಅಂಗಡಿಯೊಂದರ ಅಟ್ಟದ ಹಲಸಿನ ಹಲಗೆ ಪರಿಚಯದ ಬಡಗಿಯೊಬ್ಬರ ಕೊಟ್ಟಿಗೆಯಲ್ಲಿತ್ತು. ಅವರು ಕೀಸುಳಿ ಹಾಕಿದಾಗ ಕಪ್ಪು ಸಿಪ್ಪೆಯಡಿಯಿಂದ ಅರಶಿನ ಬಣ್ಣ ಎದ್ದು ಬಂತು. ಎಷ್ಟು ವರ್ಷದ ಮರವೋ, ವಾಸನೆ ಇನ್ನೂ ಇತ್ತು.

ಮಣಿಪಾಲದವರಿಗೆ ಹಳತನ್ನು ಬಿಡಿಸಿ ತರುವುದು ಹೊಸ ವಿಷಯವಲ್ಲ. ವಿಜಯನಾಥ ಶೆಣೈಯವರು ಮಿಯಾರು, ಹರ್ಕೂರು, ಕುಂಜೂರಿನ ಮನೆಗಳನ್ನು ಕಂಬ ಕಂಬವಾಗಿ ಬಿಡಿಸಿ ತಂದು ಇಲ್ಲಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಹೊರಗಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆ ಚಾವಡಿಗಳಲ್ಲಿ ನಿಂತಾಗ ನನಗೆ ಪ್ರತಿ ಸಲವೂ ಒಂದು ಯೋಚನೆ ಬರುತ್ತದೆ: ಬಿಡಿಸಿ ತರುವಂಥ ಮನೆ ನಮ್ಮಜ್ಜಂದಿರಿಗೆ ಇರಲಿಲ್ಲ. ಮುಳಿ ಹುಲ್ಲಿನ ಮಾಡು ಪ್ರತಿ ವರ್ಷ ಬದಲಾಗುತ್ತಿತ್ತು. ಅವರಿಂದ ಏನಾದರೂ ಉಳಿದಿದ್ದರೆ ಎಲ್ಲಿ ಉಳಿದಿದೆ ಎಂದು ಹುಡುಕಲು ನನಗೆ ತೋಚಿರಲಿಲ್ಲ.

ಇನ್ನು ಕುಚ್ಚಿಗೆ ಬೇಕಾದ ಸಾಮಾನು. ಪುಸ್ತಕ, ವೀಡಿಯೊಗಳಲ್ಲೆಲ್ಲ ಜಿಂಕೆಯ ಬಾಲದ ಕೂದಲು ಎಂದಿರುತ್ತದೆ. ಅಮೆರಿಕದಲ್ಲಿ ಅದು ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಆ ಮಾತು ಬೇಡ. ಊರ ಹುಂಜದ ಕುತ್ತಿಗೆಯ ಗರಿ ಅದಕ್ಕಿಂತ ಚೆನ್ನಾಗಿದೆ. ಉದ್ದ, ಹೊಳಪು, ನೀರಿನಲ್ಲಿ ಒದ್ದೆಯಾದರೂ ಮುದ್ದೆಯಾಗುವುದಿಲ್ಲ. ಬ್ರಾಯ್ಲರ್ ಕೋಳಿಯ ಗರಿ ಯಾವ ಕೆಲಸಕ್ಕೂ ಬಾರದು. ಅಷ್ಟಮಿಗೆ ಹುಲಿವೇಷ ಹಾಕುವ ನಮ್ಮ ಓಣಿಯ ಹುಡುಗರು ಹಳೆಯ ತಲೆಗಳನ್ನು ಎಸೆಯುವಾಗ ಅದರ ಕೃತಕ ತುಪ್ಪಳ ಇಸಿದುಕೊಂಡೆ. ಹಳದಿ, ಕಪ್ಪು, ಬಿಳಿ ಮೂರೂ ಅದರಲ್ಲೇ ಉಂಟು. ಹೊಳಪಿಗೆ ಚಿಪ್ಸ್ ಪ್ಯಾಕೆಟ್ಟಿನ ಒಳಮೈ ಸೀಳಿ ನೋಡಿದೆ, ಹರಿಯುತ್ತದೆ. ಕೊನೆಗೆ ಯಕ್ಷಗಾನದ ಆಭರಣ ರಿಪೇರಿ ಮಾಡುವ ನೆರೆಮನೆಯ ಅಜ್ಜನ ಹತ್ತಿರ ಬೇಗಡೆಯ ತುಂಡುಗಳು ಸಿಕ್ಕಿದವು. ಒಂದು ಕಾಲಕ್ಕೆ ಯಾರದೋ ಎದೆಪದಕದಲ್ಲಿ ಗ್ಯಾಸ್‌ಲೈಟಿನ ಬೆಳಕಿಗೆ ಮಿನುಗಿದ್ದು ಈಗ ಕೆಂಬೇರಿಯನ್ನು ಮರುಳು ಮಾಡಬೇಕು. ಕೆಲಸ ಒಂದೇ ಎಂದು ಅಜ್ಜ ನಕ್ಕರು.

ಸೀಸಕ್ಕೆ ಮಾವನ ಹಳೆಯ ಬೀಸುಬಲೆ. ಬಲೆಯ ಅಂಚಿನ ಸುತ್ತ ಪೋಣಿಸಿದ ಸೀಸದ ಮಣಿಗಳು ಬಲೆ ಹರಿದರೂ ಹಾಗೇ ಇರುತ್ತವೆ. ಸೀಸ ಕರಗುವುದು 327 ಡಿಗ್ರಿಗೆ, ಅಂದರೆ ಒಲೆಯ ಮೇಲೆ ಹಳೆಯ ಸೌಟಿನಲ್ಲಿಯೂ ಕರಗುತ್ತದೆ. ಹಾಗಾಗಿಯೇ ಬಹಳ ಜನ ಅಡುಗೆ ಮನೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅದು ಮಾಡಬಾರದ ಕೆಲಸ, ಅದರ ಹೊಗೆ ಮತ್ತು ಪುಡಿ ಮೈಯೊಳಗೆ ಸೇರಿದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಮಣಿಯನ್ನು ಕರಗಿಸದೆ ಚಾಕುವಿನಿಂದ ಸೀಳಿ, ಇಕ್ಕಳದಿಂದ ಒತ್ತಿ ಕೊಕ್ಕೆಗೆ ಕೂರಿಸುವ ದಾರಿ ಹಿಡಿದೆ. ಮಾವ ಮಣಿಗಳನ್ನು ಹಲ್ಲಿನಿಂದ ಕಚ್ಚಿ ಮುಚ್ಚುತ್ತಾರೆ, ಐವತ್ತು ವರ್ಷದಿಂದ. ನಾನು ಬೇಡ ಎಂದಾಗಲೆಲ್ಲ ಹಲ್ಲು ತೋರಿಸಿ ನಗುತ್ತಾರೆ.

ಸೀಸ ಎಲ್ಲಿ ಕೂರಬೇಕು ಎನ್ನುವುದರಲ್ಲಿ ಜಿಗ್ಗಿನ ಇಡೀ ಗುಟ್ಟು ಇದೆ. ಕೊಕ್ಕೆಯ ಮೊನೆ ಇರುವ ಕಡೆಗೆ ಭಾರ ಕಟ್ಟಿದರೆ ಮೊನೆ ಕೆಳಗಾಗಿ ನೆಲ ಕೆರೆಯುತ್ತದೆ, ಬಂಡೆಗೆ ಸಿಕ್ಕುತ್ತದೆ. ಬೆನ್ನಿಗೆ, ಮೊನೆಯ ವಿರುದ್ಧ ಬದಿಗೆ ಕಟ್ಟಿದರೆ ನೀರಿನಲ್ಲಿ ಅದು ಮಗುಚಿಕೊಂಡು ಮೊನೆ ಮೇಲಾಗಿ ತೇಲುತ್ತ ಹೋಗುತ್ತದೆ. ಗ್ರಾಂ ಲೆಕ್ಕದ ಭಾರ, ಆದರೆ ಬದಿ ಬದಲಾದರೆ ಎಲ್ಲವೂ ಬದಲಾಯಿತು.

ಆಗಸ್ಟ್ ಬರುವಾಗ ಮೇಜು ತಯಾರಾಗಿತ್ತು. ಹಲಸಿನ ಹಲಗೆ, ಅಂಚಿನಲ್ಲಿ ವೈಸ್, ಹಿಂದೆ ಮೊಳೆ ಹೊಡೆದು ನೂಲಿನ ಉಂಡೆಗಳು, ಕುತ್ತಿಗೆಗೆ ಬಿದಿರು ಕಟ್ಟಿ ನೆಟ್ಟಗೆ ಮಾಡಿದ ಲ್ಯಾಂಪು, ಎಡಖಾನೆಯಲ್ಲಿ ಗರಿ, ಬಲಖಾನೆಯಲ್ಲಿ ಕೊಕ್ಕೆ. ರಾತ್ರಿ ಊಟ ಆದ ಮೇಲೆ ಒಂದೆರಡು ಕಟ್ಟುತ್ತಿದ್ದೆ. ಒಂದಕ್ಕೆ ಅರ್ಧ ಗಂಟೆ.

ಅಮ್ಮ ಟಿ.ವಿ. ನೋಡುತ್ತ ಆಗಾಗ ಈಚೆ ನೋಡುತ್ತಿದ್ದಳು. ಒಂದು ರಾತ್ರಿ ಧಾರಾವಾಹಿಯ ಮಧ್ಯೆ ಜಾಹೀರಾತು ಬಂದಾಗ ಎದ್ದು ಬಂದು, "ನೂಲನ್ನು ಅಷ್ಟು ದೂರದಿಂದ ಹಿಡೀಬೇಡ ಮಾರಾಯ. ಬೆರಳ ಹತ್ತಿರ ಹಿಡಿ," ಎಂದಳು. ಇನ್ನೊಂದು ನಿಮಿಷ ನಿಂತು ನೋಡಿ, "ಕೊಡು ಇಲ್ಲಿ," ಎಂದಳು. ವೈಸಿನಿಂದ ಕೊಕ್ಕೆ ಬಿಚ್ಚಿಸಿ ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಬಲಗೈಯಲ್ಲಿ ನೂಲು. ಕೊಕ್ಕೆಯ ಸುತ್ತ ನೂಲು ತಿರುಗಲಿಲ್ಲ. ಬೆರಳುಗಳ ನಡುವೆ ಕೊಕ್ಕೆಯೇ ತಿರುಗಿತು. ಗರಿ ಇಟ್ಟಳು, ನಾಲ್ಕು ಸುತ್ತು, ತುದಿಯನ್ನು ತನ್ನದೇ ಸುತ್ತಿನ ಅಡಿಗೆ ನುಗ್ಗಿಸಿ ಒಂದು ಎಳೆತ. ಜಾಹೀರಾತು ಮುಗಿದಿರಲಿಲ್ಲ. ಕೊಕ್ಕೆಯನ್ನು ನನ್ನ ಕೈಗಿಟ್ಟು ಹೋಗಿ ಕುಳಿತಳು.

ಅವಳು ಬೀಡಿ ಕಟ್ಟಿದವಳು. ಮದುವೆಯಾಗಿ ಪರ್ಕಳಕ್ಕೆ ಬಂದ ವರ್ಷದಿಂದ ನಾಲ್ಕು ವರ್ಷದ ಹಿಂದಿನವರೆಗೆ, ಮೂವತ್ತೊಂದು ವರ್ಷ. ನೆನೆಸಿದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಹೊಗೆಸೊಪ್ಪಿನ ಪುಡಿ ಹಾಕಿ ಸುರುಳುವುದು, ನೂಲು ಸುತ್ತುವುದು, ತುದಿ ಮಡಚುವುದು, ಇಪ್ಪತ್ತೈದರ ಕಟ್ಟು ಮಾಡುವುದು. ಕರಾವಳಿಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ, ಸಂಜೆ ಬೀಡಿ ಬ್ರಾಂಚಿಗೆ ಚೀಲ ಹಿಡಿದು ಹೋಗುವ ಹೆಂಗಸರ ಸಾಲು ನೋಡದವರು ಇಲ್ಲಿಲ್ಲ. ನಮ್ಮಮ್ಮ ದಿನಕ್ಕೆ ಎಂಟುನೂರು ಕಟ್ಟುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ಸರಕಾರದ ವಿದ್ಯಾರ್ಥಿವೇತನ ಪಡೆದವನು, ಎಂ.ಎಸ್ಸಿ. ಶುಲ್ಕ ಅವಳ ಭವಿಷ್ಯನಿಧಿಯಿಂದ ಹೋಯಿತು. ಕುತ್ತಿಗೆಯ ನೋವು, ಬೆಳಗಿನ ಜಾವದ ಕೆಮ್ಮು, ಕಡಿಮೆಯಾಗುತ್ತ ಬಂದ ಎಲೆ, ಇವೆಲ್ಲ ಸೇರಿ ಅವಳು ನಿಲ್ಲಿಸಿದಳು. ತಡ್ಪೆಯನ್ನು ಅಕ್ಕಿ ಗೇರಲು ಸಹ ಇಟ್ಟುಕೊಳ್ಳಲಿಲ್ಲ. ಯಾರಿಗೋ ಕೊಟ್ಟುಬಿಟ್ಟಳು.

ಕಪಾಟಿನ ಮೇಲಿನ ಟ್ರಂಕಿನಲ್ಲಿ ಬೀಡಿ ನೂಲಿನ ಎರಡು ಉಂಡೆ ಉಳಿದಿದ್ದವು. ಹತ್ತಿ ನೂಲು, ಒದ್ದೆಯಾದರೆ ಇನ್ನೂ ಗಟ್ಟಿಯಾಗುವ ಜಾತಿ. ಅದನ್ನೇ ಮೇಜಿಗೆ ತಂದಿಟ್ಟೆ. ಮರುದಿನ ನೋಡಿದರೆ ಉಂಡೆಗಳು ಟ್ರಂಕಿಗೆ ಮರಳಿದ್ದವು. "ಅದು ಬೇಡ," ಎಂದಳು. ಅಷ್ಟೇ. ಟೈಲರ್ ಅಂಗಡಿಯ ನೂಲು ಸಾಕೆಂದು ನಾನೂ ಸುಮ್ಮನಾದೆ.

ಆ ರಾತ್ರಿಯ ನಂತರ ಅವಳು ದಿನಕ್ಕೆ ಎರಡು ಮೂರು ಕಟ್ಟತೊಡಗಿದಳು. ಕಲಿಯುವಾಗ ಅವಳು ಕೇಳುತ್ತಿದ್ದ ಪ್ರಶ್ನೆ ನನಗೆ ತೋಚದಿದ್ದವು. ಮೀನು ಕೆಳಗಿನಿಂದ ನೋಡುತ್ತದೋ ಬದಿಯಿಂದಲೋ? ಬಾಲ ಉದ್ದವಾದರೆ ಬರೇ ಬಾಲ ಕಚ್ಚಿ ಬಿಡುವುದಿಲ್ಲವೋ? ಆಮೇಲೆ ಒಂದು ದಿನ ತಾನಾಗಿ ಹೇಳಿದಳು: ಅವಳ ಅಪ್ಪ, ಅಂದರೆ ನನ್ನಜ್ಜ, ಬಂಗುಡೆಯ ಗಾಳಕ್ಕೆ ಬಿಳಿ ನೂಲಿನ ಕುಚ್ಚು ಕಟ್ಟುತ್ತಿದ್ದರಂತೆ. ಚಿಮಿಣಿ ದೀಪದ ಎದುರು ಕುಳಿತು ನೂಲಿನ ತುದಿ ಹಿಡಿದುಕೊಳ್ಳುವುದು ಇವಳ ಕೆಲಸವಾಗಿತ್ತಂತೆ. ಎಂಟು ವರ್ಷದವಳಿದ್ದಾಗ. ಇಷ್ಟು ವರ್ಷದಲ್ಲಿ ಈ ಮಾತು ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬೀಡಿ ಕಟ್ಟುವಾಗ ಕೈ ಅಷ್ಟು ಬೇಗ ಪಳಗಿದ್ದು ಹೇಗೆಂದು ಬ್ರಾಂಚಿನವರು ಕೇಳುತ್ತಿದ್ದರು ಎಂದು ಮಾತ್ರ ಹೇಳುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಇಪ್ಪತ್ತು ಜಿಗ್ ಡಬ್ಬಿಯಲ್ಲಿ ಹಾಕಿಕೊಂಡು ಕೋಡಿಬೆಂಗ್ರೆಗೆ ಹೋದೆ. ಮಾವ ಒಂದೊಂದನ್ನೇ ತೆಗೆದು ಉಗುರಿನಿಂದ ಸುತ್ತನ್ನು ಕೆರೆದು ನೋಡಿದರು. ಎರಡು ರಾಶಿ ಮಾಡಿದರು. ಯಾವುದು ಯಾರದ್ದೆಂದು ನಾನು ಹೇಳಿರಲಿಲ್ಲ. ಒಂದು ರಾಶಿಯನ್ನು ತಮ್ಮ ತಗಡಿನ ಪೆಟ್ಟಿಗೆಗೆ ಹಾಕಿಕೊಂಡು, "ಇದು ಅಪ್ಪನ ಗಂಟು. ನಿಂಗೆ ಯಾರು ಹೇಳಿಕೊಟ್ಟದ್ದು?" ಎಂದರು. ಅಮ್ಮ ಕಟ್ಟಿದ್ದು ಎಂದೆ. ಅವರು ಸ್ವಲ್ಪ ಹೊತ್ತು ಅಳಿವೆಯ ಕಡೆ ನೋಡುತ್ತ ಕುಳಿತರು. ಅವತ್ತು ಇಳಿತದ ಹೊತ್ತಿಗೆ ಎರಡು ಮುರು, ಅಂಗೈಯಗಲದ ಒಂದು ಕೆಂಬೇರಿ ಸಿಕ್ಕಿತು. ಕೆಂಬೇರಿಯನ್ನು ಅಮ್ಮನಿಗೆಂದು ಮಾವ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು.

ಮೇಜು ಮಾತ್ರ ಅಮ್ಮನಿಗೆ ಒಗ್ಗಿರಲಿಲ್ಲ. ಮೂವತ್ತು ವರ್ಷ ನೆಲದ ಮೇಲೆ ಕಾಲು ಚಾಚಿ ಕುಳಿತ ದೇಹ ಕುರ್ಚಿಯ ಮೇಲೆ ಹತ್ತು ನಿಮಿಷಕ್ಕೆ ಚಡಪಡಿಸುತ್ತದೆ. ಅವಳು ಲ್ಯಾಂಪನ್ನು ಕೆಳಗಿಳಿಸಿ ಗೋಡೆಗೊರಗಿ ಕುಳಿತು, ತಲೆ ಬಗ್ಗಿಸಿ ಮಡಿಲಲ್ಲಿ ಕಟ್ಟುತ್ತಿದ್ದಳು. ಆ ಬಗ್ಗಿದ ಕುತ್ತಿಗೆಯನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ನನ್ನ ಬಾಲ್ಯವಿಡೀ ನೋಡಿದ ಭಂಗಿ ಅದು. ಒಂದು ಭಾನುವಾರ ಮೇಜನ್ನು ಮಗುಚಿ ಹಾಕಿ ನಾಲ್ಕೂ ಕಾಲು ಗರಗಸದಿಂದ ಕೊಯ್ದೆ. ಎಪ್ಪತ್ತೈದು ಸೆಂಟಿಮೀಟರ್ ಇದ್ದದ್ದು ಮೂವತ್ತನಾಲ್ಕಾಯಿತು. ಹಳೆಯ ಕಾಲದ ಶ್ಯಾನುಭಾಗರ ಡೆಸ್ಕಿನಷ್ಟು ಎತ್ತರ. ಚಾಚಿದ ಕಾಲು ಅಡಿಯಲ್ಲಿ ಹೋಗುತ್ತದೆ, ಮೊಣಕೈ ಹಲಗೆಯ ಮೇಲೆ ಕೂರುತ್ತದೆ, ಕೆಲಸ ಕಣ್ಣಿನ ಹತ್ತಿರಕ್ಕೆ ಏರಿ ಬರುತ್ತದೆ, ಕುತ್ತಿಗೆ ಬಗ್ಗಿಸಬೇಕಿಲ್ಲ. ಮೊಳಕಾಲಿನ ಗಾತ್ರ, ಮೊಣಕೈಯ ಎತ್ತರ ಎಲ್ಲ ಟೈಲರನ ಟೇಪಿನಿಂದ ಅಳೆದೆ. ಅಳೆಸಿಕೊಳ್ಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಬೀಡಿ ಕಟ್ಟುವಾಗ ಎಲೆಗೆ ಅಳತೆ ಇತ್ತು, ನೂಲಿಗೆ ಅಳತೆ ಇತ್ತು, ತನಗೆ ಯಾರೂ ಅಳತೆ ತೆಗೆದಿರಲಿಲ್ಲ ಎಂದಳು.

ವೈಸಿಗೆ ಈಗ ಕೆಲಸವಿಲ್ಲ. ಅವಳು ಅದರ ತಿರುಗುವ ದಂಡಕ್ಕೆ ಕತ್ತರಿ ತೂಗು ಹಾಕಿದ್ದಾಳೆ.

ಡಿಸೆಂಬರಿನಲ್ಲಿ ಗಾಳದ ಸಾಮಾನಿನ ಅಂಗಡಿಯೊಬ್ಬರು ಗೆಳೆಯನ ಡಬ್ಬಿಯಲ್ಲಿದ್ದ ಜಿಗ್ ನೋಡಿ ನನಗೆ ಫೋನ್ ಮಾಡಿದರು. ತಿಂಗಳಿಗೆ ಇನ್ನೂರು ಕೊಡಬಹುದಾ, ಒಂದಕ್ಕೆ ಇಪ್ಪತ್ತೈದು ರೂಪಾಯಿ, ಕೊಕ್ಕೆ ಸೀಸ ಅವರೇ ಕೊಡುತ್ತಾರೆ. ಒಳ್ಳೆಯ ಮನುಷ್ಯ, ಮಾತಿನಲ್ಲಿ ಚೌಕಾಸಿ ಇರಲಿಲ್ಲ. ನನ್ನ ಫೆಲೋಶಿಪ್ಪಿನ ಅವಧಿ ಮುಗಿಯಲು ಆಗ ಏಳು ತಿಂಗಳಿತ್ತು, ಪ್ರಬಂಧ ಮುಗಿಯಲು ಅದಕ್ಕಿಂತ ಹೆಚ್ಚು ಬೇಕಿತ್ತು. ತಿಂಗಳಿಗೆ ಐದು ಸಾವಿರ ಎನ್ನುವುದು ತಲೆಯಲ್ಲಿ ತಾನೇ ಗುಣಾಕಾರವಾಯಿತು. ಅಮ್ಮ ಈಗ ಒಂದು ಜಿಗ್ ಆರು ನಿಮಿಷಕ್ಕೆ ಕಟ್ಟುತ್ತಾಳೆ. ಇನ್ನೂರಕ್ಕೆ ಇಪ್ಪತ್ತು ಗಂಟೆ. ಬೀಡಿಗೆ ಹೋಲಿಸಿದರೆ ಏನೂ ಅಲ್ಲ. ಹೊಗೆಸೊಪ್ಪಿನ ಪುಡಿಯೂ ಇಲ್ಲ.

ಅವಳಿಗೆ ಹೇಳಿದೆ. ಬಸಳೆ ಸೋಸುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಸರಿ ಇಲ್ಲ ಅಂತ ಎಷ್ಟು ತೆಗೀತಾರೆ?"

ಅರ್ಥವಾಗಲಿಲ್ಲ ಎಂದೆ.

"ಇನ್ನೂರು ಕೊಂಡು ಹೋದ್ರೆ ಇನ್ನೂರಕ್ಕೂ ದುಡ್ಡು ಕೊಡ್ತಾರಾ? ಹತ್ತು ಹದಿನೈದು ಬದಿಗೆ ಹಾಕ್ತಾರಲ್ಲ."

ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ, ಸಡಿಲ, ತೆಳು, ಗಿಡ್ಡ ಎಂದು ಬೀಡಿಗಳನ್ನು ಬದಿಗೆ ಹಾಕುತ್ತಿದ್ದುದನ್ನು ನಾನೂ ನೋಡಿದ್ದೇನೆ. ಆ ಬೀಡಿಗಳಿಗೆ ಕೂಲಿ ಇಲ್ಲ, ಎಲೆಯ ಲೆಕ್ಕ ಮಾತ್ರ ಪುಸ್ತಕದಲ್ಲಿ ಹಾಗೇ ಇರುತ್ತದೆ. ಚೀಲ ಹಿಡಿದು ಅವಳ ಪಕ್ಕ ನಿಂತಿರುತ್ತಿದ್ದ ಹುಡುಗನಿಗೆ ಅದು ನಾಚಿಕೆಯ ವಿಷಯವಾಗಿತ್ತು. ಅಂಗಡಿಯವರು ಹಾಗೆ ಮಾಡುವವರಲ್ಲ ಎಂದೆ. ಅವಳು, "ಅವರು ಮಾಡುವುದಿಲ್ಲ. ಲೆಕ್ಕ ಮಾಡಿಸ್ತದೆ," ಎಂದಳು. ಆಮೇಲೆ, "ಮೂವತ್ತು ವರ್ಷ ಮಲಗುವಾಗಲೂ ಎಣಿಸ್ತಾ ಮಲಗಿದ್ದೇನೆ. ಇದನ್ನು ಕಟ್ಟುವಾಗ ಎಣಿಸುವುದಿಲ್ಲ, ಅದಕ್ಕೇ ಕಟ್ಟುವುದು."

ಅದು ನಿರಾಕರಣೆ ಎಂದು ನ್ಯಾಯವಾಗಿ ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಪುಸ್ತಕ ಓದಿದವರಿಗೆ ಇಂಥ ಮಾತು ಕೇಳಿದರೆ ಖುಷಿಯಾಗುತ್ತದೆ. ಕೈಕೆಲಸದ ಘನತೆ, ಮಾರುಕಟ್ಟೆ ಎಂದು ಒಂದು ಪ್ಯಾರಾ ಬರೆಯಬಹುದು. ಆದರೆ ಅಮ್ಮನಿಗೆ ದುಡ್ಡು ಬೇಕು. ತನ್ನ ಕೈಯಲ್ಲಿ ತನ್ನದೇ ದುಡ್ಡು ಇರಬೇಕೆನ್ನುವವಳು ಅವಳು, ಅದು ನಿಂತು ನಾಲ್ಕು ವರ್ಷವಾಗಿದೆ. ಎರಡು ದಿನ ಬಿಟ್ಟು ಅವಳೇ ಶರತ್ತು ಹೇಳಿದಳು. ತಿಂಗಳಿಗೆ ನಲವತ್ತು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಒಂದಕ್ಕೆ ಅರವತ್ತು ರೂಪಾಯಿ. ಸಾಮಾನು ನಮ್ಮದೇ, ಅವರ ಕೊಕ್ಕೆ ಬೇಡ, ಯಾಕೆಂದರೆ ಅವರ ಕೊಕ್ಕೆ ತಂದರೆ ಅವರಿಗೆ ಲೆಕ್ಕ ಒಪ್ಪಿಸಬೇಕು. ಬೇಡವೆನಿಸಿದ್ದನ್ನು ಅವರು ಅಲ್ಲೇ ನಮ್ಮೆದುರು ನೋಡಿ ಬಿಡಬೇಕು, ಆಮೇಲೆ ವಾಪಸು ಇಲ್ಲ. ಕೊನೆಯದು ನನಗೆ ಹೇಳಿದ್ದು: ತುಕ್ಕು ಹಿಡಿಯುವುದನ್ನು ಕೊಡುವುದಿಲ್ಲ. "ನೀನು ಅದನ್ನೇ ಅಲ್ವಾ ಕಲಿಯುವುದು? ನೋಡಿ ಹೇಳು."

ನಾಲ್ಕು ವರ್ಷದಲ್ಲಿ ನನ್ನ ಸಂಶೋಧನೆಯ ಬಗ್ಗೆ ಮನೆಯಲ್ಲಿ ಬಂದ ಮೊದಲ ಪ್ರಶ್ನೆ ಇದು. ಪ್ರಶ್ನೆ ಒಳ್ಳೆಯದೂ ಹೌದು. ಉಪ್ಪುನೀರಿನಲ್ಲಿ ಉಕ್ಕು ಮತ್ತು ಸೀಸ ಒಂದಕ್ಕೊಂದು ತಾಗಿದ್ದರೆ ಎರಡರ ನಡುವೆ ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಸೀಸ ಉಳಿದುಕೊಳ್ಳುತ್ತದೆ, ಉಕ್ಕು ಸವೆಯುತ್ತದೆ. ಅಂದರೆ ಜಿಗ್ಗಿನ ಭಾರವೇ ಅದರ ಕೊಕ್ಕೆಯನ್ನು ತಿನ್ನುತ್ತದೆ. ಮೇಲಿಂದ ನೂಲು ಸುತ್ತಿದ್ದರೆ ಒಳಗೆ ಉಳಿದ ತೇವ ಆರುವುದಿಲ್ಲ, ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ಕೆಲಸ ನಡೆದಿರುತ್ತದೆ. ತಡೆಯಬೇಕಾದರೆ ಎರಡೂ ಲೋಹಗಳು ತಾಗದಂತೆ ನಡುವೆ ಏನಾದರೂ ಇರಬೇಕು. ಪ್ರಯೋಗಾಲಯದಲ್ಲಿ ಇದಕ್ಕೆ ದುಬಾರಿ ಲೇಪಗಳುಂಟು. ಮನೆಯಲ್ಲಿ ತಂಗಿಯ ನೈಲ್ ಪಾಲಿಶ್ ಇತ್ತು.

ಹಾರ್ಲಿಕ್ಸಿನ ಮೂರು ಹಳೆಯ ಬಾಟಲಿ. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು. ಮೊದಲನೆಯದರಲ್ಲಿ ಬರೀ ಕೊಕ್ಕೆ. ಎರಡನೆಯದರಲ್ಲಿ ಸೀಸ ಒತ್ತಿ ನೂಲು ಸುತ್ತಿದ್ದು. ಮೂರನೆಯದರಲ್ಲಿ ಕೊಕ್ಕೆಯ ಕಡ್ಡಿಗೆ ಎರಡು ಸಲ ನೈಲ್ ಪಾಲಿಶ್ ಬಳಿದು ಒಣಗಿಸಿ, ಆಮೇಲೆ ಸೀಸ, ನೂಲು, ನೂಲಿನ ಮೇಲೆ ಮತ್ತೊಮ್ಮೆ ಪಾಲಿಶ್. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಅಮ್ಮ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಮೊದಲು ಅವನ್ನು ನೋಡುತ್ತಿದ್ದಳು. ಎರಡನೇ ದಿನಕ್ಕೆ ಎರಡನೇ ಬಾಟಲಿಯಲ್ಲಿ ನೂಲಿನ ಅಂಚಿಗೆ ಕಂದು ಗೆರೆ, ಮೊದಲನೆಯದರಲ್ಲಿ ಮರುದಿನ. ಮೂರನೆಯದು ವಾರ ಕಳೆದರೂ ಹಾಗೇ. ಹತ್ತೊಂಬತ್ತನೇ ದಿನ ಅದರ ಮೊನೆಯಲ್ಲಿ, ಪಾಲಿಶ್ ಬಳಿಯದ ಕಡೆ, ಸಾಸಿವೆಯಷ್ಟು ಕಲೆ ಬಂತು. ನೂಲು ಬಿಚ್ಚಿ ನೋಡಿದೆವು. ಒಳಗೆ ಲೋಹ ಹೊಸದರಂತೆ ಇತ್ತು. ಎರಡನೆಯದನ್ನು ಬಿಚ್ಚಿದಾಗ ಅವಳ ಬೆರಳಿಗೆ ಕೆಂಪು ಕೆಸರು ಹತ್ತಿತು. ಅದನ್ನು ಮೂಸಿ ನೋಡಿ, ಕಿಟಕಿಯ ಸರಳಿಗೆ ಒರೆಸಿದಳು.

"ಗಾಳ ಹಾಕಿ ಬಂದ ಮೇಲೆ ಸಿಹಿನೀರಲ್ಲಿ ತೊಳೀಬೇಕು ಅಂತ ಒಂದು ಚೀಟಿ ಬರೆದು ಹಾಕು," ಎಂದಳು. "ಕನ್ನಡದಲ್ಲೇ ಬರಿ."

ಅಂಗಡಿಯವರಿಗೆ ಫೋನ್ ಮಾಡಿ ಶರತ್ತೆಲ್ಲ ಹೇಳಿದೆ. ಅರವತ್ತು ಎಂದಾಗ ಆಚೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದರು. ಮೂರು ವಾರವಾಯಿತು, ಇನ್ನೂ ಹೇಳಿಲ್ಲ. ನಡುವೆ ಮಾವ ಹನ್ನೆರಡು ಬೇಕೆಂದು ಹೇಳಿಕಳಿಸಿದ್ದಾರೆ, ಹುಂಜದ ಕೆಂಪು ಗರಿಯದ್ದೇ ಆಗಬೇಕಂತೆ. ಅಮ್ಮ ಏಳು ಕಟ್ಟಿದ್ದಾಳೆ. ನನ್ನನ್ನು ಕೇಳಿದರೆ ಏಳು ಎನ್ನುತ್ತೇನೆ, ಅವಳನ್ನು ಕೇಳಿದರೆ ಸ್ವಲ್ಪ ಆಗಿದೆ ಎನ್ನುತ್ತಾಳೆ.